ಮಣ್ಣಿಗೆ ಮೊದಲು ಮಗ್ಗಲಿಗೆ ಬನ್ನಿ

ನಮ್ಮ ಕಡೆ ಎಲ್ಲದಕ್ಕೂ ಬರ ಬಂದಿದೆ, ಮಣ್ಣಿಗೆ ಬರುವ ಮಂದಿಗೆ ಮಾತ್ರ ಬಂದಿಲ್ಲ. ಕುಷ್ಟಗಿ ಸೀಮೆಯಲ್ಲಾಗಲಿ ಯಲಬುರ್ಗಾ ಸೀಮೆಯಲ್ಲಾಗಲಿ ಒಂದು ಹಿರಿಯ ಜೀವ ಹೋಯಿತೆಂದರೆ ಸಾಕು, ಗುಳೆ ಹೋದ ಮಕ್ಕಳು ಮಂಗಳೂರು, ಗೋವಾ, ಬೆಂಗಳೂರಿನಿಂದ ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಬಂದಿಳಿಯುತ್ತಾರೆ. "ಸಣ್ಣ ಮಗ ಬರೋತನಕ ತಡೀರಿ" ಎಂದು ಊರೇ ಕಾಯುತ್ತದೆ. ಭಜನೆಯವರು ಬೆಳತನಕ ಹಾಡುತ್ತಾರೆ. ಹೆಣ ಒಯ್ಯುವ ವಿಮಾನ ಕಟ್ಟುವುದಕ್ಕೆ, ಹೂವಿಗೆ, ಊಟಕ್ಕೆ ರೊಕ್ಕ ಎಲ್ಲಿಂದಲೋ ಹೊಂದುತ್ತದೆ. ಇದು ನಮ್ಮ ನಾಡಿನ ದೊಡ್ಡ ಗುಣ, ಇದನ್ನು ನಾನು ಹಗುರ ಮಾಡಲಾರೆ. ತಮ್ಮಾ, ತಂಗೀ, ನಾನು ನಿಮ್ಮೊಂದಿಗೆ ಮಾತಾಡಬೇಕೆಂದಿರುವುದು ಅದರ ಹಿಂದಿನ ದಿನಗಳ ವಿಷಯ. ಮುದುಕರು ಹಾಸಿಗೆ ಹಿಡಿದಂದಿನಿಂದ ಉಸಿರು ನಿಲ್ಲುವವರೆಗೆ ಆ ಮಗ್ಗಲಲ್ಲಿ ಯಾರು ಕೂತಿದ್ದರು ಎನ್ನುವ ವಿಷಯ.

ನಾನು ಈ ಭಾಗದ ಹಳ್ಳಿಗಳಲ್ಲಿ ನರ್ಸಾಗಿ ದುಡಿದವಳು. ಕೆಲಸಕ್ಕೆ ಸೇರಿದಾಗ ಇದು ರಾಯಚೂರು ಜಿಲ್ಲೆ. 1997ರ ಆಗಸ್ಟಿನಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಹೆರಿಗೆ ಮಾಡಿಸುವುದು, ಕೂಸುಗಳಿಗೆ ಚುಚ್ಚುಮದ್ದು ಹಾಕುವುದು ನಮ್ಮ ಕೆಲಸ. ಬಾಣಂತಿಯನ್ನು ನೋಡಲು ಹೋದ ಮನೆಯಲ್ಲಿ ಪಡಸಾಲೆಯ ಮೂಲೆಯ ಕೌದಿಯೊಳಗೆ ಒಂದು ಹಣ್ಣಾದ ಜೀವ ಮಲಗಿರುತ್ತಿತ್ತು. ಕೂಸು ಹೇಗೆ ಬರಬೇಕು ಎಂಬುದಕ್ಕೆ ನಮಗೆ ತರಬೇತಿ ಇತ್ತು, ಆ ಜೀವ ಹೇಗೆ ಹೋಗಬೇಕು ಎಂಬುದನ್ನು ಯಾರೂ ಕಲಿಸಿರಲಿಲ್ಲ. ನೋಡುತ್ತ ನೋಡುತ್ತ ಕಲಿತದ್ದನ್ನೇ ಈಗ ನಿಮಗೆ ಹೇಳುತ್ತೇನೆ.

ಮುದುಕರನ್ನು ಕೇಳಿ ನೋಡಿ, ಬಹಳ ಮಂದಿ ಒಂದೇ ಮಾತು ಹೇಳುತ್ತಾರೆ: "ಮನ್ಯಾಗ ಜೀವ ಹೋಗ್ಲಿ." ಆದರೆ ಮೇಲುಸಿರು ಶುರುವಾದ ರಾತ್ರಿ ಮನೆಯವರ ಧೈರ್ಯ ಕುಸಿಯುತ್ತದೆ. 108ಕ್ಕೆ ಫೋನು ಹೋಗುತ್ತದೆ. ತಾಲೂಕು ದವಾಖಾನೆಯಿಂದ ಕೊಪ್ಪಳಕ್ಕೆ, ಕೊಪ್ಪಳದಿಂದ ನೂರು ಕಿಲೋಮೀಟರಿಗೂ ಆಚೆಯ ಹುಬ್ಬಳ್ಳಿಗೆ, ಅತ್ತ ಗಂಗಾವತಿಯವರು ಬಳ್ಳಾರಿಗೆ. ಬದುಕಿಸಬಹುದಾದ ಕಾಯಿಲೆಯಾಗಿದ್ದರೆ ಈ ಓಟ ಸರಿಯೇ, ಒಂದು ಗಳಿಗೆಯನ್ನೂ ಕಳೆಯಬಾರದು. ಎದೆನೋವು ಬಂದವರನ್ನು, ಈಗಷ್ಟೇ ಲಕ್ವಾ ಹೊಡೆದವರನ್ನು, ಬಿದ್ದು ತೊಡೆ ಮುರಿದುಕೊಂಡವರನ್ನು ವಯಸ್ಸಾಯಿತೆಂದು ಮನೆಯಲ್ಲಿ ಬಿಟ್ಟುಕೊಂಡರೆ ಅದು ತಪ್ಪು. ನಾನು ಹೇಳುತ್ತಿರುವುದು ಬೇರೆ. ಕ್ಯಾನ್ಸರ್ ಮೈಯೆಲ್ಲ ಹರಡಿದೆ, ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ತಿಂಗಳ ಹಿಂದೆಯೇ ಹೇಳಿರುತ್ತಾರೆ. ವರ್ಷಗಟ್ಟಲೆ ಹಾಸಿಗೆಯಲ್ಲಿದ್ದ ದೇಹ ಈಗ ಮೆಲ್ಲಗೆ ಮುಗಿಯುತ್ತಿರುತ್ತದೆ. ಅಂಥವರನ್ನೂ ಎತ್ತಿಕೊಂಡು ಓಡುತ್ತೇವೆ. ಹೆದ್ದಾರಿಯ ನಡುವೆ ಗಾಡಿಯಲ್ಲೇ ಉಸಿರು ನಿಂತು, ಮುಂದಕ್ಕೆ ಹೋಗಬೇಕೋ ಹಿಂದಕ್ಕೆ ತಿರುಗಬೇಕೋ ತಿಳಿಯದೆ ರಸ್ತೆಯ ಮಗ್ಗಲು ನಿಂತ ಮಕ್ಕಳನ್ನು ನಾನು ಕಂಡಿದ್ದೇನೆ. ಹಾಗೆ ಹೋದ ಒಬ್ಬ ತಾಯಿಯ ಬಾಯಿಗೆ ಕಡೆಯ ನೀರು ಬಿಟ್ಟವನು ಗಾಡಿಯ ಡ್ರೈವರು.

ಹೀಗೇಕೆ ಓಡುತ್ತೇವೆ? ಅರ್ಧ ಪ್ರೀತಿ, ಅರ್ಧ ಅಂಜಿಕೆ. "ದವಾಖಾನಿಗೂ ಒಯ್ಯಲಿಲ್ಲ ಅಂತ ಮಂದಿ ಅಂದಾರು" ಎಂಬ ಅಂಜಿಕೆ ಪ್ರೀತಿಗಿಂತ ಒಂದು ಕೈ ಮುಂದೆಯೇ ಇರುತ್ತದೆ. ಮನೆಯಲ್ಲಿ ಸತ್ತರೆ ಪೊಲೀಸರು ಬರುತ್ತಾರೋ, ಮರಣ ಪತ್ರ ಸಿಗುವುದಿಲ್ಲವೋ ಎಂಬ ಅಂಜಿಕೆಯೂ ಸೇರಿಕೊಂಡಿದೆ. ವಯಸ್ಸಾಗಿ, ಕಾಯಿಲೆಯಿಂದ ಮನೆಯಲ್ಲಿ ತೀರಿಕೊಂಡರೆ ಪೊಲೀಸರಿಗೂ ಅದಕ್ಕೂ ಸಂಬಂಧವಿಲ್ಲ. 1969ರ ಕಾಯ್ದೆಯ ಪ್ರಕಾರ ಮನೆಯ ಯಜಮಾನರು 21 ದಿನದೊಳಗೆ ಸಾವನ್ನು ನೋಂದಾಯಿಸಬೇಕು, ಅಷ್ಟೇ.

ಇಷ್ಟು ಹೇಳಿದ ಮೇಲೆ, "ಹಾಗಾದರೆ ಮನೆಯಲ್ಲೇ ಇಟ್ಟುಕೊಳ್ಳಿ ಅನ್ನುತ್ತೀರಿ" ಎಂದು ನೀವು ತೀರ್ಮಾನಿಸಿಬಿಡಬೇಡಿ. ಮನೆಯಲ್ಲೇ ಇರಲಿ ಎಂದು ಹೇಳುವುದು ಸುಲಭ. ಹೇಳುವವರು ಸಾಮಾನ್ಯವಾಗಿ ಗಂಡಸರು, ಮಾಡುವವಳು ಸೊಸೆ.

ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಲಕ್ವಾ ಹೊಡೆದು ಮಲಗಿದ್ದ ಮಾವನನ್ನು ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳೊಬ್ಬಳು ನನಗೆ ಮರೆಯುವುದಿಲ್ಲ. ಗಂಡ, ಮೈದುನ ಇಬ್ಬರೂ ಗೋವಾದಲ್ಲಿ ಕಟ್ಟಡ ಕೆಲಸಕ್ಕೆ. ಬಗಲಲ್ಲಿ ಹಾಲು ಕುಡಿಯುವ ಕೂಸು. ಮಾವ ಎತ್ತರದ ಆಳು. ನಮ್ಮ ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ; ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಜೀವಮಾನವಿಡೀ ಕುಡಿದವರ ಹಲ್ಲು ಕಂದಾಗುತ್ತದೆ, ಪ್ರಮಾಣ ಇನ್ನೂ ಹೆಚ್ಚಾದರೆ ಬೆನ್ನು ಬಾಗುತ್ತದೆ, ಕೀಲುಗಳು ಬಿಗಿದು ಮಡಚಲು ಬರುವುದಿಲ್ಲ. ಅಂಥ ಬಿಗಿದ ಮೈಯನ್ನು ಒಬ್ಬಳೇ ಹೊರಳಿಸಬೇಕು, ಒದ್ದೆ ಧೋತರ ಎಳೆಯಬೇಕು, ತೊಳೆಯಬೇಕು. ಟೊಂಕದ ಕೆಳಗೆ ಆಗಲೇ ಹುಣ್ಣಾಗಿತ್ತು. ನಾನು ಹುಣ್ಣು ತೊಳೆದು ಪಟ್ಟಿ ಕಟ್ಟುತ್ತ, ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕವ್ವಾ ಎಂದೆ. ಆಕೆ ಸಿಟ್ಟಾಗಲಿಲ್ಲ, ಅಳಲಿಲ್ಲ. "ಅಕ್ಕಾರ, ಮಾವನ ಬೆನ್ನು ನೋಡಾಕ ನೀವರ ಬಂದ್ರಿ. ನನ್ನ ಬೆನ್ನು ನೋಡಾಕ ಯಾರ್ ಬರ್ತಾರ?" ಎಂದಳು. ಗೋವಾದಿಂದ ತಿಂಗಳಿಗೊಮ್ಮೆ ರೊಕ್ಕ ತಪ್ಪದೆ ಬರುತ್ತಿತ್ತು. ಬರದಿದ್ದದ್ದು ಎರಡನೆಯ ಜೋಡಿ ಕೈ.

ಆಕೆಯ ಈ ಪ್ರಶ್ನೆಗೆ ನಮ್ಮ ಕೊಪ್ಪಳದ ಬಂಡೆಗಳೇ ಉತ್ತರ ಇಟ್ಟುಕೊಂಡಿವೆ. ಕೊಪ್ಪಳ ಅಂದರೆ ಹಿಂದಿನ ಕೊಪಣ, ಜೈನರ ಮಹಾತೀರ್ಥ. ತಮ್ಮ ಆಯುಷ್ಯ ಮುಗಿಯಿತೆಂದು ತಿಳಿದವರು ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಡಲು ಆರಿಸಿಕೊಂಡ ಜಾಗ. ಶಕ 803, ಅಂದರೆ ಕ್ರಿಸ್ತಶಕ 881ರ ಒಂದು ಶಾಸನ ಸರ್ವನಂದಿ ಭಟಾರರು ಇಲ್ಲಿ ತಪಸ್ಸು ಮಾಡಿ ಸಮಾಧಿ ಹೊಂದಿದ್ದನ್ನು ಹೇಳುತ್ತದೆ. ಪಾಲ್ಕಿಗುಂಡಿನ ಬಂಡೆಯ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯ ಎಂಬವನು ಮಾಡಿಸಿಟ್ಟಿದ್ದಾನೆ. ಎಲ್ಲಿ ಸಾಯಬೇಕು ಎಂದು ಯೋಚಿಸಿ ಆರಿಸಿಕೊಳ್ಳುವುದು ಈ ನೆಲಕ್ಕೆ ಹೊಸದಲ್ಲ.

ಆದರೆ ಆ ವ್ರತ ಹಿಡಿದವರನ್ನು ಒಬ್ಬರ ಕೈಗೆ ಒಪ್ಪಿಸಿ ಉಳಿದವರು ಹೋಗಿಬಿಡುತ್ತಿರಲಿಲ್ಲ. ಶಿವಾರ್ಯರ ಭಗವತೀ ಆರಾಧನಾ ಎಂಬ ಪ್ರಾಕೃತ ಗ್ರಂಥವಿದೆ. ನಮ್ಮ ವಡ್ಡಾರಾಧನೆಯ ಕಥೆಗಳ ಬೇರು ಇರುವುದು ಅದರಲ್ಲಿಯೇ. ಸಾಯುತ್ತಿರುವವರ ಮಗ್ಗಲಿಗೆ 48 ಜನ ನಿರ್ಯಾಪಕರು, ಅಂದರೆ ಆರೈಕೆ ಮಾಡುವ ಮುನಿಗಳು, ಇರಬೇಕೆಂದು ಅದು ಹೇಳುತ್ತದೆ. ನಾಲ್ಕು ನಾಲ್ಕು ಜನರ ತಂಡ. ಎಬ್ಬಿಸಿ ಕೂಡಿಸಿ ಮಲಗಿಸಲು ನಾಲ್ವರು, ಧರ್ಮದ ಕಥೆ ಹೇಳಲು ನಾಲ್ವರು, ಆಹಾರ ತರಲು ನಾಲ್ವರು, ನೀರು ತರಲು ನಾಲ್ವರು, ಮಲಮೂತ್ರ ತೆಗೆಯಲು ನಾಲ್ವರು, ಬಾಗಿಲು ಕಾಯಲು ನಾಲ್ವರು, ಹೀಗೆ. ಅಷ್ಟು ಮಂದಿ ಸಿಗದ ಕಾಲದಲ್ಲಿ ಕಡಿಮೆ ಮಾಡುತ್ತ ಬರಬಹುದು, ಆದರೆ ಇಬ್ಬರಿಗಿಂತ ಕಡಿಮೆ ಕೂಡದು. ಒಬ್ಬರೇ ಆದರೆ ತನ್ನನ್ನೂ ಕೈಬಿಟ್ಟಂತೆ, ಮಲಗಿದವರನ್ನೂ ಕೈಬಿಟ್ಟಂತೆ, ಧರ್ಮವನ್ನೂ ಕೈಬಿಟ್ಟಂತೆ ಎಂಬುದು ಅದರ ನಿಲುವು. ಎಲ್ಲವನ್ನೂ ಬಿಟ್ಟು ಬಂದ ಸನ್ಯಾಸಿಗೇ ಇಬ್ಬರಿಗಿಂತ ಕಡಿಮೆ ಆಗದು ಎಂದ ಮೇಲೆ, ಹೊಲ, ಕೂಸು, ದನ, ಒಲೆ ಎಲ್ಲವನ್ನೂ ಹೊತ್ತ ಒಬ್ಬ ಸೊಸೆಯ ಮೇಲೆ ಇಡೀ ಸಾವನ್ನು ಹೊರಿಸುವುದು ಯಾವ ನ್ಯಾಯ?

ಹಾಗಾಗಿ ನನ್ನ ಮೊದಲ ಕಿವಿಮಾತು ಇದು. ಅಪ್ಪ ಅವ್ವ ಎಲ್ಲಿ ಪ್ರಾಣ ಬಿಡಬೇಕು ಎಂದು ಕೇಳುವಾಗಲೇ, ಅಲ್ಲಿ ಇಬ್ಬರು ಯಾರು ಎಂದೂ ಕೇಳಿ. ಇಬ್ಬರ ಹೆಸರು ಹೇಳಲು ಆಗದಿದ್ದರೆ ಮನೆ ಎಂಬುದು ಬರೀ ನಾಲ್ಕು ಗೋಡೆ.

ಎರಡನೆಯ ಜೋಡಿ ಕೈ ಎಲ್ಲಿಂದ ತರುವುದು? ಗಂಗಾವತಿ, ಕಾರಟಗಿ ಕಡೆ ನಾಟಿ ಬಂದರೆ, ಭತ್ತದ ಕೊಯ್ಲು ಬಂದರೆ ಮನೆಯಲ್ಲಿ ಯಾರೂ ಕೂಡುವಂತಿಲ್ಲ. ಒಣಭೂಮಿಯ ಊರುಗಳಲ್ಲಿ ದುಡಿಯುವ ವಯಸ್ಸಿನವರು ಊರಲ್ಲೇ ಇಲ್ಲ. ಇದೆಲ್ಲ ನನಗೆ ಗೊತ್ತು. ಆದರೂ ದಾರಿಗಳಿವೆ. ಅಣ್ಣತಮ್ಮಂದಿರು ಗುಳೆಯಲ್ಲಿದ್ದರೆ ಸರತಿ ಹಾಕಿಕೊಳ್ಳಿ: ಈ ತಿಂಗಳು ಹದಿನೈದು ದಿನ ನೀನು, ಮುಂದಿನ ತಿಂಗಳು ನಾನು. ದಿನಗೂಲಿ ಹೋಗುತ್ತದೆ, ನಿಜ. ಉಳಿದವರು ಅದನ್ನು ಹಂಚಿಕೊಂಡು ತುಂಬಿಕೊಡಿ. ಮಣ್ಣಿನ ಖರ್ಚನ್ನು ಹಂಚಿಕೊಳ್ಳುವವರಿಗೆ ಇದು ಹೊಸ ಲೆಕ್ಕವಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಸರತಿಗೆ ಸೇರಿಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ. ವಾರಕ್ಕೆರಡು ದಿನ ಬಂದು ಹೋಗುವುದು ಮೊದಲಿನಷ್ಟು ಕಷ್ಟವಲ್ಲ. ಆದರೆ ಮಗಳು ಬಂದಳೆಂದು ಮಗ ಜಾರಿಕೊಳ್ಳಬಾರದು. ಅವ್ವ ನಿನ್ನ ಮೈ ತೊಳೆದಿಲ್ಲವೇನು ತಮ್ಮಾ? ಅಪ್ಪನ ಮೈ ತೊಳೆಯಲು ಗಂಡುಮಗನೇ ತಕ್ಕವನು. ಸೊಸೆಯ ಕೈಯಲ್ಲಿ ತೊಳೆಸಿಕೊಳ್ಳುವಾಗ ಮುದುಕರು ನಾಚಿಕೆಗೆ ಕಣ್ಣು ಮುಚ್ಚಿಕೊಳ್ಳುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಊರಿಗೂ ಒಂದು ಮಾತು. ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನ ಕೆಲವು ಡಾಕ್ಟರುಗಳು ಶುರು ಮಾಡಿದ ನೋವು ಶಮನದ ಕೆಲಸ ಊರವರ ಕೈಗೆ ಬಂದು, 2008ರಲ್ಲಿ ಸರ್ಕಾರದ ನೀತಿಯೇ ಆಯಿತು. ಅಲ್ಲಿ ಪಂಚಾಯಿತಿಯ ನರ್ಸು, ನೆರೆಹೊರೆಯ ಸ್ವಯಂಸೇವಕರು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ನಮ್ಮಲ್ಲಿಯೂ ಅಂಥ ಮನಸ್ಸು ಇಲ್ಲವೆನ್ನಲಾರೆ. 2021ರ ಕೋವಿಡ್ ಹೊತ್ತಿನಲ್ಲಿ ಕೊಪ್ಪಳದ ಗವಿಮಠ ತನ್ನ ಆವರಣದಲ್ಲೇ ರೋಗಿಗಳಿಗೆ ಹಾಸಿಗೆ ಹಾಕಿಕೊಟ್ಟದ್ದನ್ನು ನೀವೆಲ್ಲ ಕಂಡಿದ್ದೀರಿ. ಸತ್ತ ರಾತ್ರಿ ಬೆಳತನಕ ಹಾಡುವ ಭಜನೆಯ ಹುಡುಗರು ವಾರಕ್ಕೊಂದು ರಾತ್ರಿ ಬದುಕಿರುವವರ ಮಗ್ಗಲಿಗೆ ಬಂದು ಎರಡು ಪದ ಹಾಡಲಿ, ಆ ಹೊತ್ತು ಸೊಸೆ ಒಂದು ನಿದ್ದೆ ಮಾಡಲಿ. ಸಂಘದ ವಾರದ ಸಭೆಗೆ ಕಂತು ಕಟ್ಟಲು ಬರುವ ಹೆಂಗಸರು ಯಾರ ಮನೆಯಲ್ಲಿ ಮುದುಕರು ಮಲಗಿದ್ದಾರೆ ಎಂದು ಒಂದು ಸಲ ಕೇಳಲಿ.

ಇನ್ನು ಕೈಕೆಲಸದ ವಿಷಯ, ಇದನ್ನು ಗಮನವಿಟ್ಟು ಕೇಳಿ. ಮಲಗಿದವರ ಟೊಂಕ, ಹಿಮ್ಮಡಿ, ಚಪ್ಪೆ, ಭುಜದ ಎಲುಬು ಇವನ್ನು ದಿನಾ ಬೆಳಕಿನಲ್ಲಿ ನೋಡಬೇಕು. ಕೆಂಪಾದ ಕಡೆ ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಳ್ಳದಿದ್ದರೆ ಒಳಗೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಯಲ್ಲಿ ಕೆಂಪು ಕಾಣುವುದಿಲ್ಲ. ಮುಟ್ಟಿ ನೋಡಿ, ಬಿಸಿಯಾಗಿದೆಯೋ ಗಟ್ಟಿಯಾಗಿದೆಯೋ ತಿಳಿಯುತ್ತದೆ. ಅಲ್ಲಿ ಉಜ್ಜಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದೇ ಔಷಧ. ಗಾಳಿ ಹಾಸಿಗೆ ಇದ್ದರೂ ಹೊರಳಿಸುವುದು ತಪ್ಪುವುದಿಲ್ಲ. ಹೊರಳಿಸುವಾಗ ತೋಳು ಹಿಡಿದು ಎಳೆಯಬೇಡಿ. ಕೆಳಗೆ ಮಡಚಿದ ಒಂದು ದುಪ್ಪಟಿ ಹಾಸಿ, ಎರಡೂ ಕಡೆ ಇಬ್ಬರು ಹಿಡಿದು ಸರಿಸಿ. ಉಣಿಸುವಾಗ ಎಬ್ಬಿಸಿ ಕೂಡಿಸಿ, ಗದ್ದ ಸ್ವಲ್ಪ ಎದೆಯ ಕಡೆಗಿರಲಿ. ಲಕ್ವಾ ಹೊಡೆದವರಿಗೆ ತೆಳ್ಳನೆಯ ನೀರೇ ನೆತ್ತಿಗೇರುವುದು. ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಮಂದನೆಯ ಅಂಬಲಿ, ಗಂಜಿ ನುಂಗಲು ಹಗುರ. ಕೆಮ್ಮಿದರೆ ನಿಲ್ಲಿಸಿ. ಉಂಡ ಮೇಲೆ ಅರ್ಧ ತಾಸು ಮಲಗಿಸಬೇಡಿ.

ಕಡೆಯ ದಿನಗಳು ಬಂದಾಗ ಊಟ ತಾನಾಗಿ ನಿಲ್ಲುತ್ತದೆ. ಉಣ್ಣದೆ ಸಾಯುತ್ತಿದ್ದಾರೆಂದು ನಮಗೆ ಅನಿಸುತ್ತದೆ, ನಿಜವಾಗಿ ಸಾಯುತ್ತಿರುವುದರಿಂದ ದೇಹ ಊಟ ಬೇಡವೆನ್ನುತ್ತದೆ. ಬಾಯಿ ಒತ್ತಿ ತುರುಕಬೇಡಿ. ಆ ಹೊತ್ತಿನಲ್ಲಿ "ಒಂದು ಸಲಾಯನ್ ಹಚ್ಚಿಸ್ರಿ" ಎಂದು ಹಟ ಹಿಡಿದರೆ ಮೂತ್ರಪಿಂಡ, ಹೃದಯ ಸೋತ ಮೈಗೆ ಆ ನೀರು ಹೊರೆಯಾಗುತ್ತದೆ. ಕೈಕಾಲು ಬಾಯುತ್ತವೆ, ಎದೆಯಲ್ಲಿ ನೀರು ಸೇರಿ ಉಸಿರು ಇನ್ನೂ ಕಷ್ಟವಾಗುತ್ತದೆ. ಒದ್ದೆ ಅರಳೆಯಿಂದ ತುಟಿ, ನಾಲಿಗೆ ಒರೆಸುತ್ತಿರಿ, ತುಟಿಗೆ ಚೂರು ತುಪ್ಪ ಹಚ್ಚಿ. ಪಾದ ತಣ್ಣಗಾಗುತ್ತವೆ. ಉಸಿರು ನಿಂತು ನಿಂತು ಬರುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಕೇಳುತ್ತದೆ. ಕೇಳುವವರಿಗೆ ಸಂಕಟ, ಅವರಿಗೆ ಅದರ ಅರಿವು ಅಷ್ಟಿರುವುದಿಲ್ಲ. ಒಂದು ಮಗ್ಗಲಿಗೆ ಮಲಗಿಸಿದರೆ ಸದ್ದು ತಗ್ಗುತ್ತದೆ. ಸತ್ತ ಮಾವನ ಹೆಸರು, ತವರಿನ ಬಾವಿಯ ಹೆಸರು ಹೇಳಿ ಕನವರಿಸಿದರೆ ತಿದ್ದಬೇಡಿ. ಕಿವಿ ಕೊನೆಯವರೆಗೂ ಕೇಳಿಸಬಹುದು, ಆದ್ದರಿಂದ ಮಂಚದ ಪಕ್ಕ ನಿಂತು ಆಸ್ತಿ ವಾಟ್ನಿಯ ಜಗಳ ತೆಗೆಯಬೇಡಿ. ಜಂಗಮರನ್ನು ಕರೆಸಿ ವಿಭೂತಿ ಧಾರಣೆ ಮಾಡಿಸುವ ಮನೆಯವರಾದರೆ ಜೀವ ಎಚ್ಚರವಿದ್ದಾಗಲೇ ಕರೆಸಿ. ತಿಳಿಯುವ ಹೊತ್ತಿನಲ್ಲಿ ಆದರೆ ಅವರಿಗೊಂದು ಸಮಾಧಾನ.

ನೋವಿನ ಬಗ್ಗೆ ಮಾತ್ರ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ನರಳುತ್ತ ಮನೆಯಲ್ಲಿ ಸಾಯುವುದಕ್ಕಿಂತ ನೋವಿಲ್ಲದೆ ದವಾಖಾನೆಯಲ್ಲಿ ಸಾಯುವುದು ಎಷ್ಟೋ ಮೇಲು. "ಕರ್ಮ, ಅನುಭವಿಸಬೇಕು" ಎಂದು ಹೇಳುವವರು ಆ ನೋವಿನ ಹಾಸಿಗೆಯಲ್ಲಿ ಮಲಗಿದವರಲ್ಲ. ಕ್ಯಾನ್ಸರಿನ ದೊಡ್ಡ ನೋವಿಗೆ ಮಾರ್ಫಿನ್ ಎಂಬ ಮಾತ್ರೆ ಇದೆ. ಅಗ್ಗದ ಔಷಧ, ಆದರೆ ಅಫೀಮಿನಿಂದ ಬಂದದ್ದೆಂದು 1985ರ ಕಾಯ್ದೆ ಅದನ್ನು ಬಿಗಿ ಮಾಡಿಬಿಟ್ಟಿತ್ತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಅನುಮತಿಯುಳ್ಳ ಆಸ್ಪತ್ರೆಗಳಲ್ಲಿ ಡಾಕ್ಟರು ಬರೆದುಕೊಟ್ಟರೆ ಸಿಗುತ್ತದೆ. ಡಾಕ್ಟರು ಹೇಳಿದ ಅಳತೆಯಲ್ಲಿ ಕೊಟ್ಟರೆ ಚಟ ಹತ್ತುತ್ತದೆಂದು, ಬೇಗ ಸಾಯುತ್ತಾರೆಂದು ಹೆದರಬೇಕಿಲ್ಲ. ಮಲಬದ್ಧತೆ ಆಗುತ್ತದೆ, ಅದಕ್ಕೂ ಜೊತೆಗೇ ಔಷಧ ಕೇಳಿ. ಜಗತ್ತಿನಲ್ಲಿ ಇಂಥ ಶಮನ ಆರೈಕೆ ಬೇಕಾದವರಲ್ಲಿ ಅದು ಸಿಗುವುದು ನೂರಕ್ಕೆ 14 ಮಂದಿಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಹಿರಿಯರು ಆ 14ರಲ್ಲಿ ಇರಬೇಕಾದರೆ ನೀವು ಬಾಯಿ ಬಿಟ್ಟು ಕೇಳಬೇಕು. ಕೊಪ್ಪಳಕ್ಕೆ ಮೆಡಿಕಲ್ ಕಾಲೇಜು ಬಂದಿದೆ. ಜಿಲ್ಲಾ ಆಸ್ಪತ್ರೆಗೆ ಹೋದಾಗ "ಗುಣ ಆಗದಿದ್ದರೂ ನೋವಿಗೆ ಏನು ಮಾಡ್ತೀರಿ ಸಾರ್" ಎಂದು ಕೇಳಿಯೇ ಬನ್ನಿ. ಬೆಂಗಳೂರಿನಲ್ಲಿ ಮಕ್ಕಳಿರುವವರಿಗೆ ಇನ್ನೊಂದು ಗೊತ್ತಿರಲಿ: 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ನಡೆಸುವ ಕರುಣಾಶ್ರಯ, ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಅಲ್ಲಿಗೆ ಸೇರಿಸಿದರೆ ಕೈಬಿಟ್ಟಂತೆ ಅಲ್ಲ.

ಕೈಬಿಡುವುದು ಬೇರೆಯೇ. 2025ರ ಮಾರ್ಚಿನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಹೇಳಿದ ಸಂಗತಿ ಓದಿ ನನ್ನ ಹೊಟ್ಟೆ ಉರಿಯಿತು. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆ ಒಂದರಲ್ಲೇ ಮಕ್ಕಳು ಬಿಟ್ಟುಹೋದ ಹಿರಿಯರು 150ಕ್ಕೂ ಹೆಚ್ಚು ಇದ್ದರಂತೆ. ಅಂಥ ಮಕ್ಕಳ ಹೆಸರಿಗಾದ ಆಸ್ತಿಯನ್ನು ವಾಪಸು ಪಡೆಯಲು ಕ್ರಮ ಕೈಗೊಳ್ಳಿ ಎಂದು ಅವರು ಅಧಿಕಾರಿಗಳಿಗೆ ಸೂಚಿಸಿದರು. ಹಿರಿಯರ ಪಾಲನೆಯ 2007ರ ಕಾಯ್ದೆಯಲ್ಲಿ ಅದಕ್ಕೆ ದಾರಿ ಇದೆ: ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ನೇತೃತ್ವದ ನ್ಯಾಯಮಂಡಳಿ ರದ್ದು ಮಾಡಬಹುದು. ನನ್ನ ವಾರಗೆಯ ಹಿರಿಯರೂ ಇದನ್ನು ಕೇಳಿಸಿಕೊಳ್ಳಲಿ, ಷರತ್ತನ್ನು ಕಾಗದದಲ್ಲಿ ಬರೆಸಿ. ಬಾಯಿಮಾತು ಕಚೇರಿಯಲ್ಲಿ ನಿಲ್ಲುವುದಿಲ್ಲ. ನಿಮ್ಮ ನೆರೆಯಲ್ಲಿ ಯಾರಾದರೂ ಹಾಗೆ ಒಂಟಿಯಾಗಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನು ಮಾಡಿ.

ಇನ್ನೊಂದು ಕಾಗದವೂ ಇದೆ. ಮುಂದೆ ಮಾತಾಡಲು ಆಗದ ಸ್ಥಿತಿ ಬಂದರೆ ನನ್ನನ್ನು ಬರೀ ಯಂತ್ರದ ಮೇಲೆ ಉಳಿಸಬೇಡಿ, ನನ್ನ ಪರವಾಗಿ ಇಂಥವರು ತೀರ್ಮಾನ ಹೇಳಲಿ ಎಂದು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡಬಹುದು. ಸುಪ್ರೀಂ ಕೋರ್ಟು 2018ರ ಮಾರ್ಚಿನಲ್ಲಿ ಈ ಹಕ್ಕು ಕೊಟ್ಟಿತು, 2023ರಲ್ಲಿ ವಿಧಾನವನ್ನು ಸರಳ ಮಾಡಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಆಸ್ಪತ್ರೆಯಲ್ಲಿ ಎರಡು ಹಂತದ ವೈದ್ಯರ ಮಂಡಳಿ ನೋಡಿ ಒಪ್ಪಿದ ಮೇಲೆಯೇ ಚಿಕಿತ್ಸೆ ನಿಲ್ಲಿಸುತ್ತಾರೆ. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು; ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಎರಡು ದಶಕಕ್ಕೂ ಮೇಲೆ ಇದಕ್ಕಾಗಿ ಹೋರಾಡಿದ್ದರು. ಇದು ಕೊಲ್ಲುವ ಕಾಗದವಲ್ಲ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತ ಮಕ್ಕಳು "ಅಪ್ಪನಿಗೆ ಏನು ಬೇಕಿತ್ತೋ" ಎಂದು ಒಬ್ಬರ ಮೇಲೊಬ್ಬರು ಹಾಕಿಕೊಂಡು ಹೊಲ ಮಾರುವುದನ್ನು ಇದು ತಪ್ಪಿಸುತ್ತದೆ.

ಮಾತು ಯಾವಾಗ ತೆಗೆಯಬೇಕು ಎಂದು ನೀವು ಕೇಳಬಹುದು. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಗವಿಸಿದ್ದೇಶ್ವರ ಜಾತ್ರೆಗೆ ಗುಳೆ ಹೋದವರೂ ಮುಖ ತೋರಿಸುತ್ತಾರೆ. ಉಂಡು ಎಲೆಅಡಿಕೆ ಹಾಕಿಕೊಂಡು ಪಡಸಾಲೆಯಲ್ಲಿ ಕೂತಾಗ, ಅವ್ವ ಅಪ್ಪ ಗಟ್ಟಿಮುಟ್ಟಾಗಿ ಎದುರಿಗೆ ಕೂತಿರುವಾಗಲೇ ತೆಗೆಯಿರಿ. ಅಪಶಕುನ ಎಂದು ನೀವೇ ತಿಳಿಯುತ್ತೀರಿ. ಮುದುಕರು ಅದನ್ನು ನಿಮಗಿಂತ ಮೊದಲು ಯೋಚಿಸಿ ಮುಗಿಸಿರುತ್ತಾರೆ, ಯಾರಾದರೂ ಕೇಳಲಿ ಎಂದು ಕಾದಿರುತ್ತಾರೆ. ಎಲ್ಲಿರಬೇಕೆಂದು ಆಸೆ, ಯಾವ ದವಾಖಾನೆಯವರೆಗೆ, ಯಂತ್ರ ಬೇಕೋ ಬೇಡವೋ, ಮೈ ತೊಳೆಯುವವರು ಯಾರಾದರೆ ಸಂಕೋಚವಿಲ್ಲ ಎಂದು ಕೇಳಿ. ಆಮೇಲೆ ಸೊಸೆಯ ಕಡೆ ತಿರುಗಿ ಆಕೆಯನ್ನೂ ಕೇಳಿ. ಅವಳು ತನ್ನಿಂದ ಆಗದು ಅಂದರೆ ಅದನ್ನು ಹಗೆತನ ಮಾಡಬೇಡಿ. ಅವಳ ಮಾತು ಕೇಳಿಸಿಕೊಂಡೇ ಉಳಿದ ಏರ್ಪಾಡು ಮಾಡಿ.

ಎಲ್ಲ ಮುಗಿದು, ತಿಥಿಯೂ ಆಗಿ, ನೆಂಟರು ಚದುರಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಇಷ್ಟು ದಿನ ಎತ್ತಿ ಇಳಿಸಿದವರನ್ನು, ನಿದ್ದೆಗೆಟ್ಟವರನ್ನು ದವಾಖಾನೆಗೆ ಕರೆದುಕೊಂಡು ಹೋಗಿ. ಬಿಪಿ ನೋಡಿಸಿ, ಸಕ್ಕರೆ ನೋಡಿಸಿ, ರಕ್ತ ಕಡಿಮೆಯಾಗಿದೆಯೋ ನೋಡಿಸಿ, ಟೊಂಕದ ನೋವು ಎಷ್ಟು ದಿನದ್ದು ಎಂದು ಡಾಕ್ಟರ ಮುಂದೆ ಅವರ ಬಾಯಿಂದಲೇ ಹೇಳಿಸಿ. ಗುಳೆಗೆ ವಾಪಸು ಹೋಗುವ ಬಸ್ಸನ್ನು ಆ ದಿನದ ಮಟ್ಟಿಗೆ ಬಿಡಿ.